ಮೂವತ್ತು ತುಂಬಲಿ ಎಂದು ಗಂಟು ಕಾಯುವುದಿಲ್ಲ

ಚನ್ನಗಿರಿಯ ಕಡೆ ಅಡಿಕೆ ಸುಲಿಯಲು ಹೋಗುವ 23ರ ಹೆಣ್ಣುಮಗಳೊಬ್ಬಳಿಗೆ ಸ್ನಾನ ಮಾಡುವಾಗ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತೆನ್ನಿ. ಅವಳನ್ನು ವಿಚಾರಿಸುವ ಯೋಜನೆ ಯಾವುದೂ ಇಲ್ಲ. ಹದಿಹರೆಯದವರ ಸ್ನೇಹ ಕ್ಲಿನಿಕ್ 10ರಿಂದ 19 ವರ್ಷದವರಿಗೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ಸ್ತನದ ಗಂಟಿನ ಪ್ರಶ್ನೆ ಇದ್ದೇ ಇದೆ, ಆದರೆ ಅದನ್ನು ಕೇಳುವುದು 30 ದಾಟಿದವರನ್ನು. ನಡುವಿನ ಹತ್ತು ವರ್ಷ ಹೆಣ್ಣು ಸರ್ಕಾರಿ ಆಸ್ಪತ್ರೆಯ ಲೆಕ್ಕಕ್ಕೆ ಬರುವುದು ಬಸುರಿಯಾದರೆ ಮಾತ್ರ. ಸ್ತನದ ಗಂಟುಗಳಲ್ಲಿ ತೀರಾ ಸಾಮಾನ್ಯವಾದ ಫೈಬ್ರೊಅಡಿನೋಮ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದೇ ವಯಸ್ಸಿನಲ್ಲಿ.

ಈ ಗಂಟು ಕ್ಯಾನ್ಸರ್ ಅಲ್ಲ. ದುಂಡಗೆ, ನುಣುಪಾಗಿ, ಬೆರಳಿಟ್ಟರೆ ಜಾರಿಕೊಳ್ಳುತ್ತದೆ. ಬಹುಪಾಲು ಸಲ ಕೊಯ್ಯಬೇಕಾಗಿಯೂ ಇಲ್ಲ. ಮುಟ್ಟಿಗೆ ಮುಂಚೆ ಎರಡೂ ಕಡೆ ಭಾರವಾಗಿ ನೋಯುವುದಂತೂ ಹಾರ್ಮೋನಿನ ಏರಿಳಿತ. ಗಂಟಿಲ್ಲದೆ ಬರೀ ನೋವಿದ್ದರೆ ಅದು ಕ್ಯಾನ್ಸರ್ ಆಗಿರುವುದು ಅಪರೂಪ. ಹಾಗಾದರೆ ಇದಕ್ಕೇಕೆ ಇಷ್ಟು ಗದ್ದಲ ಎಂದು ಕೇಳಬಹುದು. ನಿರಪಾಯಕಾರಿ ಎನ್ನುವುದು ಪರೀಕ್ಷೆ ಮಾಡಿದ ಮೇಲೆ ಹೇಳುವ ಮಾತು, ಮುಂಚೆಯೇ ಮಾಡುವ ಊಹೆಯಲ್ಲ. ಕೈಯಿಂದ ಪರೀಕ್ಷೆ, ಅಲ್ಟ್ರಾಸೌಂಡ್, ಅನುಮಾನವಿದ್ದರೆ ಸೂಜಿ ಹಾಕಿ ತೆಗೆದ ಮಾದರಿ: ಈ ಮೂರೂ ಒಂದೇ ಮಾತು ಹೇಳಿದರೆ ಹುಡುಗಿ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಭಾರತದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಸರಾಸರಿ ವಯಸ್ಸು ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಕಡಿಮೆ. (ನಮ್ಮಲ್ಲಿ ಎಳೆಯರೇ ಹೆಚ್ಚು ಎಂಬುದೂ ಅದಕ್ಕೊಂದು ಕಾರಣ, ಆದ್ದರಿಂದ ಈ ಅಂಕಿ ಹಿಡಿದು ಯಾರನ್ನೂ ಬೆದರಿಸಬೇಕಿಲ್ಲ.) ಚಿಕ್ಕ ವಯಸ್ಸಿನಲ್ಲಿ ಆ ರೋಗ ಬರುವುದು ಕಡಿಮೆ; ಬಂದರೆ ಮಾತ್ರ ಬೇಗ ಬೆಳೆಯುವ ಜಾತಿಯದೇ ಹೆಚ್ಚು. ಬಾಣಂತಿಯಲ್ಲಿ ಗಂಟು ಕಂಡರೆ ಹಾಲು ಕಟ್ಟಿದೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಹೌದು. ಎರಡು ವಾರವಾದರೂ ಕರಗದಿದ್ದರೆ ಸ್ಕ್ಯಾನ್ ಮಾಡಿಸಲೇಬೇಕು.

ಹಾಗೆಂದು ಇಪ್ಪತ್ತರವರನ್ನೆಲ್ಲ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ಎರಡು ದಶಕ ನಡೆಸಿದ ಅಧ್ಯಯನದ ಫಲ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದಲೇ ಪರೀಕ್ಷಿಸಿದರೂ ರೋಗ ಮುಂಚಿನ ಹಂತದಲ್ಲೇ ಸಿಕ್ಕಿತು. ಆದರೆ ಸಾವು ಸ್ಪಷ್ಟವಾಗಿ ಕಡಿಮೆಯಾದದ್ದು 50 ದಾಟಿದವರಲ್ಲಿ. ಸ್ತನ ಇನ್ನೂ ಗಟ್ಟಿಯಾಗಿರುವ ವಯಸ್ಸಿನಲ್ಲಿ ಮ್ಯಾಮೊಗ್ರಾಮ್‌ಗೂ ಸರಿಯಾಗಿ ಕಾಣುವುದಿಲ್ಲ. ಇರುವ ದುಡ್ಡನ್ನು ಹಿರಿಯರ ತಪಾಸಣೆಗೇ ಇಡಿ ಎನ್ನುವವರ ವಾದ ಅಲ್ಲಿಯವರೆಗೆ ಸರಿ. ಆದರೆ ಗಂಟು ಇದೆ ಎಂದು ತಾನೇ ಬಂದವಳದು ಬೇರೆ ಲೆಕ್ಕ. ಅವಳನ್ನು ಹುಡುಕುವ ಖರ್ಚಿಲ್ಲ, ನೋಡುವವರು ಸಿಕ್ಕರೆ ಸಾಕು.

ಆ ನೋಡುವವರು ಇಂದು ದೂರದಲ್ಲಿದ್ದಾರೆ. ಜಗಳೂರಿನವರಿಗೆ ದಾವಣಗೆರೆಯೇ ಗತಿ. ಹೊನ್ನಾಳಿ, ನ್ಯಾಮತಿಯವರು 1997ರಲ್ಲಿ ಜಿಲ್ಲೆ ಬದಲಾದರೂ ಹತ್ತಿರವೆಂದು ಶಿವಮೊಗ್ಗದ ಬಸ್ಸನ್ನೇ ಹತ್ತುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿಗೆ ದುಡ್ಡು ಬೇಕಿಲ್ಲ, ಆದರೆ ಹೋದ ದಿನದ ಕೂಲಿ ಹೋಯಿತು. ಅದಕ್ಕಿಂತ ದೊಡ್ಡದು, ಮದುವೆಯಾಗದ ಹುಡುಗಿ ಇಡೀ ದಿನ ಎಲ್ಲಿಗೆ ಹೋಗಿದ್ದಳು ಎಂದು ಕೇಳುವ ಬೀದಿ. ಅದಕ್ಕೆ ಹೆದರಿ ಮನೆಯವರೂ ಬಾಯಿ ಬಿಡುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ರಂದು ಬಸುರಿಯರ ತಪಾಸಣೆ ನಡೆಯುತ್ತದೆ. ಅದೇ ರೀತಿ ಗೊತ್ತಾದ ಒಂದು ಮಧ್ಯಾಹ್ನ ಮಹಿಳಾ ವೈದ್ಯರೊಬ್ಬರು ಪರದೆಯ ಹಿಂದೆ ಕುಳಿತು ನೋಡಲಿ. ಬೋರ್ಡಿನಲ್ಲಿ ಕ್ಯಾನ್ಸರ್ ಎಂದು ಬರೆಯುವುದು ಬೇಡ, ಮಹಿಳೆಯರ ಆರೋಗ್ಯ ಎಂದಿದ್ದರೆ ಸಾಕು. ರೇಡಿಯಾಲಜಿಸ್ಟ್ ಇಲ್ಲವಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯ ಕಟ್ಟುಪಾಡುಗಳಿರುವಾಗ ಸ್ಕ್ಯಾನ್ ಯಂತ್ರವನ್ನು ಹಳ್ಳಿಹಳ್ಳಿಗೆ ಒಯ್ಯುವಂತೆಯೂ ಇಲ್ಲ, ಆ ಕಾಯ್ದೆಯನ್ನು ಸಡಿಲಿಸಬಾರದು ಕೂಡ. ಆದ್ದರಿಂದ ಯಂತ್ರ ಇದ್ದಲ್ಲೇ ಇರಲಿ, ಜಿಲ್ಲಾ ಕೇಂದ್ರದ ರೇಡಿಯಾಲಜಿಸ್ಟ್ ಸರದಿಯ ಮೇಲೆ ಬರಲಿ. ಬಸುರಿಯರ ಹೊಟ್ಟೆ ನೋಡುವ ಯಂತ್ರಕ್ಕೆ ಲೀನಿಯರ್ ಪ್ರೋಬ್ ಸೇರಿಸಿದರೆ ಸ್ತನವನ್ನೂ ನೋಡಬಹುದು. ಆಶಾ ಕಾರ್ಯಕರ್ತೆಗೆ ಬೇಕಾದದ್ದು ಇನ್ನೂ ಕಡಿಮೆ: 30 ದಾಟಿದ ಅತ್ತೆಯನ್ನು ಕೇಳುವ ಪ್ರಶ್ನೆಯನ್ನು ಅದೇ ಮನೆಯ 22ರ ಸೊಸೆಗೂ ಕೇಳಲು ಅನುಮತಿ, ಮತ್ತು ಹೌದು ಎಂದವಳನ್ನು ಕಳುಹಿಸಲು ಒಂದು ಚೀಟಿ.