ಕರೆಯದೆ ಬಂದವರು

ಅತಿಥಿಸತ್ಕಾರ ನಮ್ಮ ನಾಡಿನ ಹಳೆಯ ಧರ್ಮ. ಆದರೆ ಕರೆಯದೆ ಬಂದು, ನಡುಮನೆಯಲ್ಲಿ ಹಾಸಿಗೆ ಬಿಚ್ಚಿ, ಮನೆಯವರು ಏಳುವ ಮೊದಲೇ ಒಲೆಯ ಮುಂದೆ ಕುಳಿತುಬಿಡುವವನನ್ನು ಅತಿಥಿಯೆಂದು ಯಾವ ಧರ್ಮಶಾಸ್ತ್ರವೂ ಒಪ್ಪಲಾರದು. ನಮ್ಮ ಮನೆಗಳಲ್ಲಿರುವ ಹಳೆಯ ಕಂಪ್ಯೂಟರುಗಳ ಪಾಡು ಈಗ ಇಂಥ ಬಂಧುಗಳಿಂದ ಕೆಟ್ಟಿದೆ. ಗುಂಡಿ ಒತ್ತಿದೊಡನೆ ಎಚ್ಚರಗೊಳ್ಳಬೇಕಾದ ಯಂತ್ರ ಐದು ನಿಮಿಷ, ಹತ್ತು ನಿಮಿಷ ನರಳುತ್ತದೆ. “ಇದಕ್ಕೆ ವಯಸ್ಸಾಯಿತು” ಎಂದು ಮನೆಯವರು ತೀರ್ಪು ಕೊಡುತ್ತಾರೆ. ಈ ತೀರ್ಪು ಬಹುಮಟ್ಟಿಗೆ ಅನ್ಯಾಯದ್ದೆಂಬುದು ನನ್ನ ಅಭಿಪ್ರಾಯ. ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಗೊಡವೆ ಉಂಟು, ಅದನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ರೋಗದ ನಿದಾನವಾಗಲಿ. ನಾನು ವಾಸವಾಗಿರುವ ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆ ಬಂದು ತುಮಕೂರು ರಸ್ತೆಯನ್ನು ಸೇರುತ್ತದೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು, ಪರಊರಿನ ಬಸ್ಸುಗಳು, ಲಾರಿಗಳು, ಎಲ್ಲರೂ ಬೆಳಗಿನ ಒಂದೇ ವೇಳೆಗೆ ಅಲ್ಲಿ ಕೂಡುತ್ತಾರೆ. ಆಗ ನಿಂತುಹೋದ ವಾಹನಗಳ ಸಾಲನ್ನು ಕಂಡು ರಸ್ತೆ ಮುದಿಯಾಯಿತೆಂದು ಯಾರೂ ಹೇಳುವುದಿಲ್ಲ. ಅದೇ ರಸ್ತೆ ನಡುರಾತ್ರಿಯಲ್ಲಿ ಸರಾಗವಾಗಿರುತ್ತದೆ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿಯೂ ನಡೆಯುವುದು ಇದೇ. ತಿರುಗುವ ತಟ್ಟೆಯ ಮೇಲೆ ಅತ್ತಿತ್ತ ಚಲಿಸಿ ಓದುವ ಆ ಯಂತ್ರಕ್ಕೆ ಹತ್ತು ಹದಿನೈದು ತಂತ್ರಾಂಶಗಳು ಏಕಕಾಲಕ್ಕೆ “ನನ್ನನ್ನು ಎಬ್ಬಿಸು” ಎಂದು ದುಂಬಾಲು ಬಿದ್ದರೆ ಅದು ಎಲ್ಲರ ನಡುವೆ ಓಡಾಡಿ ಬಳಲುತ್ತದೆ.

ಈ ಬಾಗಿಲು ತೆರೆದದ್ದು ಹೊಸದಾಗಿ ಅಲ್ಲ. 1995ರ ವಿಂಡೋಸ್‌ನಲ್ಲಿಯೇ ‘ರಿಜಿಸ್ಟ್ರಿ’ ಎಂಬ ಒಳಕಡತವಿತ್ತು. ಅದರ ಒಂದು ಮೂಲೆಯಲ್ಲಿ ತನ್ನ ಹೆಸರು ಬರೆದುಕೊಂಡ ತಂತ್ರಾಂಶ, ಯಂತ್ರ ಎದ್ದಾಗಲೆಲ್ಲ ತಾನೂ ಏಳುತ್ತಿತ್ತು. ಆ ಪದ್ಧತಿ ಇಂದಿಗೂ ಉಳಿದಿದೆ. ಮುದ್ರಣಯಂತ್ರದ ಕಾವಲುಗಾರ, ಹಾಡಿನ ಪೆಟ್ಟಿಗೆ, ಮಕ್ಕಳ ಆಟ, ಹೊಸ ಆವೃತ್ತಿ ಬಂದಿತೇ ಎಂದು ಹಣಕುವ ದೂತ, ಎಲ್ಲರೂ ಅಲ್ಲಿ ಹೆಸರು ಬರೆದವರೇ. ಇವರಲ್ಲಿ ಹೆಚ್ಚಿನವರು ದುಷ್ಟರಲ್ಲ, ಅಧಿಕಪ್ರಸಂಗಿಗಳು. ದುಷ್ಟರೂ ಇಲ್ಲದಿಲ್ಲ. 2005ರಲ್ಲಿ ಸೋನಿ ಬಿಎಂಜಿ ಸಂಸ್ಥೆಯ ಸಂಗೀತದ ತಟ್ಟೆಗಳು ಕೇಳುಗರ ಕಂಪ್ಯೂಟರಿನೊಳಗೆ ಗುಪ್ತ ತಂತ್ರಾಂಶವೊಂದನ್ನು ಇಳಿಸುತ್ತಿದ್ದುದು ಬಯಲಾಯಿತು. ಅದನ್ನು ಬಯಲಿಗೆಳೆದ ಮಾರ್ಕ್ ರಸಿನೋವಿಚ್ ಅವರು, ಯಂತ್ರದೊಂದಿಗೆ ಏಳುವವರೆಲ್ಲರ ಪಟ್ಟಿ ತೋರಿಸುವ ‘ಆಟೋರನ್ಸ್’ ಎಂಬ ಉಪಕರಣದ ಕರ್ತೃಗಳಲ್ಲಿ ಒಬ್ಬರೆಂಬುದು ಗಮನಾರ್ಹ.

ಚಿಕಿತ್ಸೆ ಕಷ್ಟದ್ದಲ್ಲ. 2012ರ ವಿಂಡೋಸ್ 8ರಿಂದ ಈಚಿನ ಯಂತ್ರಗಳಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಸ್ಟಾರ್ಟಪ್’ ಪುಟದಲ್ಲಿ ಹೆಸರುಗಳೂ, ಪ್ರತಿಯೊಬ್ಬನ ಭಾರ ಹೆಚ್ಚೋ ಮಧ್ಯಮವೋ ಕಡಿಮೆಯೋ ಎಂಬ ವಿವರವೂ ಇರುತ್ತವೆ. ಬೇಡವಾದುದನ್ನು ಆರಿಸಿ ‘ಡಿಸೇಬಲ್’ ಎಂದರಾಯಿತು. ಇದರಿಂದ ತಂತ್ರಾಂಶ ಅಳಿದುಹೋಗುವುದಿಲ್ಲ. ಕರೆದಾಗ ಬರುತ್ತದೆ, ಕರೆಯದಾಗ ಸುಮ್ಮನಿರುತ್ತದೆ. ಒಂದು ಸಲಕ್ಕೆ ಒಂದನ್ನೇ ತಡೆದು, ಯಂತ್ರವನ್ನು ಮತ್ತೆ ಚಾಲೂ ಮಾಡಿ, ಪರಿಣಾಮ ನೋಡಿ ಮುಂದುವರಿಯುವುದು ಲೇಸು. ಪಾಠಾಂತರಗಳನ್ನು ಶೋಧಿಸುವ ವಿದ್ವಾಂಸನ ತಾಳ್ಮೆ ಇಲ್ಲಿಯೂ ಬೇಕು. ತಡೆದವನು ಮರುದಿನ ಮತ್ತೆ ಬಂದು ಕುಳಿತಿದ್ದರೆ ಅವನು ಬೇರೊಂದು ಬಾಗಿಲಿನಿಂದ ಬಂದನೆಂದೇ ತಿಳಿಯಬೇಕು. ಆಗ ಆಟೋರನ್ಸ್‌ನಂಥ ಉಪಕರಣದ ನೆರವು ಬೇಕಾದೀತು.

ಆದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಬಾರದು. ವೈರಸ್ಸನ್ನು ತಡೆಯುವ ಕಾವಲುಗಾರ ಯಂತ್ರದೊಂದಿಗೇ ಏಳಬೇಕಾದವನು. ಇನ್ನು, ನಾನು ಹೇಳಹೊರಟ ಮುಖ್ಯ ವಿಷಯ ಕನ್ನಡದ ತಂತ್ರಾಂಶಗಳದು. ಶೇಷಾದ್ರಿವಾಸು ಅವರ ‘ಬರಹ’ವಾಗಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾಗಲಿ ಹಿನ್ನೆಲೆಯಲ್ಲಿ ಕುಳಿತು, ನಾವು ಒತ್ತಿದ ಕೀಲಿಗಳನ್ನು ಕನ್ನಡದ ಅಕ್ಷರಗಳಾಗಿ ಮಾರ್ಪಡಿಸುತ್ತವೆ. ಎರಡೂ ಒಟ್ಟಿಗೆ ಎದ್ದು ಒಂದೇ ಕೀಲಿಗೆ ಕೈಹಾಕಿದರೆ ಅಕ್ಷರಗಳು ಕಲಸಿಹೋಗುವ ಸಂಭವವುಂಟು. ಒಂದನ್ನು ಉಳಿಸಿಕೊಂಡರೆ ಸಾಕು. ಆದರೆ ಪರಿಚಯವಿಲ್ಲದ ಹೆಸರೆಂದು ಎರಡನ್ನೂ ಕಿತ್ತೊಗೆಯುವ ರಿಪೇರಿಗಾರನಿಗೆ, ತಾನು ಕಿತ್ತದ್ದು ಮನೆಯೊಡೆಯನ ಲೇಖನಿಯನ್ನೇ ಎಂಬುದು ತಿಳಿಯದು.

ಇದಕ್ಕಿಂತ ದೊಡ್ಡ ನಷ್ಟ, ನಿಧಾನವಾಯಿತೆಂಬ ಒಂದೇ ಕಾರಣಕ್ಕೆ ಯಂತ್ರವನ್ನು ಗುಜರಿಗೆ ಹಾಕುವುದರಿಂದ ಆಗುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತರೂ, 2001ರ ವಿಂಡೋಸ್ ಎಕ್ಸ್‌ಪಿ ಅದಕ್ಕೆ ಎಡೆಗೊಟ್ಟರೂ, ಕಚೇರಿಗಳೂ ಮುದ್ರಣಾಲಯಗಳೂ ಬಹುಕಾಲ ಹಳೆಯ ಅಕ್ಷರವಿನ್ಯಾಸದಲ್ಲಿಯೇ ಉಳಿದವು. ಎಷ್ಟೋ ಜನರ ಪ್ರೌಢಪ್ರಬಂಧಗಳು, ಊರಿನ ಇತಿಹಾಸದ ಟಿಪ್ಪಣಿಗಳು, ತೀರಿಹೋದ ಹಿರಿಯರ ಬರಹಗಳು ಆ ರೂಪದಲ್ಲಿವೆ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಆ ಕಾರ್ಯವಾಗುವವರೆಗೆ ಹಳೆಯ ಯಂತ್ರ ಬದುಕಿರಬೇಡವೇ? ತಾಳೆಗರಿ ಹಳತಾಯಿತೆಂದು ಒಲೆಗೆ ಹಾಕಿದವರನ್ನು ನಿಂದಿಸುವ ನಾವು ಅದೇ ಕೆಲಸವನ್ನು ಮಾಡಬಾರದು.

ಹೊಸದನ್ನು ಕೊಳ್ಳುವುದೇ ಸುಲಭವೆನ್ನುವವರ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ರಕ್ಷಣೆಯಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ವಿವೇಕವಲ್ಲ. ಆದರೆ ಬರೆಯುವುದಕ್ಕೆ, ಓದುವುದಕ್ಕೆ, ಹಳೆಯ ಕಡತಗಳನ್ನು ಹೊರತೆಗೆಯುವುದಕ್ಕೆ ಅಂತರಜಾಲದ ಸಂಪರ್ಕವೇ ಬೇಕಿಲ್ಲ.

ಕೊನೆಯದಾಗಿ ತಂತ್ರಾಂಶ ರಚಿಸುವವರಿಗೆ ಒಂದು ಮಾತು. ಮೌನವೇ ಸಮ್ಮತಿಯೆಂಬ ಗಾದೆಯನ್ನು ಅವರು ತಮಗೆ ಬೇಕಾದಂತೆ ಬಳಸಿಕೊಂಡಿದ್ದಾರೆ. ಒಪ್ಪಿಗೆಯ ಚೌಕದಲ್ಲಿ ಗುರುತನ್ನು ತಾವೇ ಹಾಕಿಟ್ಟು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಷರತ್ತುಗಳನ್ನು ಮುಚ್ಚಿಟ್ಟು ಪಡೆದ ಸಮ್ಮತಿ ಸಮ್ಮತಿಯಲ್ಲ. “ನಾನು ಪ್ರತಿದಿನ ನಿಮ್ಮ ಯಂತ್ರದೊಡನೆ ಏಳಲೇ?” ಎಂದು ಮನೆಯವರಿಗೆ ತಿಳಿಯುವ ಭಾಷೆಯಲ್ಲಿ ಕೇಳಲಿ, ಉತ್ತರ ಬಾರದಿದ್ದರೆ ‘ಬೇಡ’ವೆಂದೇ ಭಾವಿಸಲಿ. ಹಣ ಕೊಟ್ಟು ಕೊಂಡ ಯಂತ್ರದ ಹೊಸ್ತಿಲನ್ನು ಯಾರು ದಾಟಬೇಕೆಂದು ನಿರ್ಣಯಿಸುವ ಹಕ್ಕು ಕೊಂಡವನದು. ಆ ಹಕ್ಕನ್ನು ಅವರು ಮನ್ನಿಸುವವರೆಗೆ, ವರ್ಷಕ್ಕೆರಡು ಬಾರಿಯಾದರೂ ಆ ಪಟ್ಟಿಯನ್ನು ತೆರೆದು ನೋಡುವುದು ಮನೆಯೊಡೆಯನ ಕರ್ತವ್ಯವೆಂದೇ ನಾನು ತಿಳಿಯುತ್ತೇನೆ.