ಗಾಡಿ ತೊಳೆಯೋ ಮೊದಲು ನೀರು ನೋಡ್ರಿ

ಬಹಳ ದಿನಗಳಾಯ್ತು ಈ ಕಡೆ ತಲೆ ಹಾಕಿ. ಕಾರಣ ಕೇಳಿದರೆ ಆಫೀಸು, ರಿಲೀಸು ಅಂತ ಅದೇ ಹಳೇ ರಾಗ ಎಳೀಬೇಕಾಗುತ್ತೆ, ಬೇಡ ಬಿಡಿ :-)

ಮೊನ್ನೆ ಇಂಡಿಯ ಗೆಳೆಯನೊಬ್ಬ ಹೊಸ ಕಾರು ತಗೊಂಡ. ರಾತ್ರಿ ಫೋನ್ ಮಾಡಿ "ಲೇ, ಮನ್ಯಾಗ ತೊಳೀಬೇಕಂತ ಮಾಡೀನಿ. ಯಾವ ಶಾಂಪೂ ತರ್ಲಿ, ಯಾವ ವ್ಯಾಕ್ಸ್ ತರ್ಲಿ?" ಅಂದ. ಎರಡು ಹೆಸರು ಹೇಳಿ ಫೋನ್ ಇಡಬಹುದಿತ್ತು. ಆದರೆ ನಾನು "ನಿಮ್ಮನಿ ನೀರು ಎಂಥದು?" ಅಂತ ಕೇಳಿದೆ. ಅವನಿಗೆ ನಗು. ಇಪ್ಪತ್ತು ನಿಮಿಷ ಮಾತಾಡಿದ ಮೇಲೆ ನಗು ನಿಂತಿತ್ತು. ಆ ಮಾತನ್ನೇ ಇಲ್ಲಿ ಬರೆದಿಡ್ತಿದ್ದೀನಿ. ಯಾಕಂದ್ರೆ ಈ ವಿಷಯದಲ್ಲಿ ನಾನೊಮ್ಮೆ ದೊಡ್ಡ ತಪ್ಪು ಮಾಡಿದವನು.

2021ರ ಖಂಡೆ ಪೂಜೆ. ಸಿಂದಗಿ ತಾಲೂಕಿನ ನಮ್ಮೂರಿಗೆ ಬೆಂಗಳೂರಿನಿಂದ ಹೋಗುವಾಗ ಬ್ಯಾಗಿನ ತುಂಬಾ ಬಾಟಲಿ ಒಯ್ದಿದ್ದೆ. ಕಾರ್ ಶಾಂಪೂ, ವ್ಯಾಕ್ಸ್, ಡ್ಯಾಶ್‌ಬೋರ್ಡ್ ಪಾಲಿಶ್, ಟೈರಿಗೆ ಹೊಡೆಯೋ ಸ್ಪ್ರೇ. ನಮ್ಮಪ್ಪ ಟ್ರ್ಯಾಕ್ಟರನ್ನು ಡೀಸೆಲ್ ಅರಬಿಯಿಂದ ಒರೆಸ್ತಾ ಇದ್ರೆ ನನಗೆ ಒಳಗೊಳಗೇ ನಗು. ಇಂಜಿನಿಯರಿಂಗ್ ಓದಿದ ಮಗ ತೋರಿಸಿಕೊಡ್ತೀನಿ ಅಂತ ಮನೆ ಮುಂದಿದ್ದ ಗಾಡಿಗಳನ್ನೆಲ್ಲಾ ತೊಳೆದೆ. ಬಸವನ ಬಾಗೇವಾಡಿಯಿಂದ ಬಂದಿದ್ದ ಕಾಕಾನ ಬೈಕೂ ಅದರಲ್ಲಿತ್ತು. ಟ್ಯಾಂಕಿಗೆ ವ್ಯಾಕ್ಸ್, ಸೀಟಿಗೆ ಪಾಲಿಶ್, ಟೈರಿಗೆ ಸ್ಪ್ರೇ. ಸ್ಪ್ರೇ ಹೊಡೆಯುವಾಗ ಟೈರಿನ ಬದಿ ಯಾವುದು, ರಸ್ತೆಗೆ ತಾಗುವ ಮೈ ಯಾವುದು ಅಂತ ನೋಡ್ಲೇ ಇಲ್ಲ. ಕರ್ರಗೆ ಮಿಂಚಿತು, ನಾಲ್ಕು ಮಂದಿ ಹೊಗಳಿದ್ರು.

ಮರುದಿನ ಕಾಕಾ ಊರಿಗೆ ಹೊರಟ. ಅಗಸಿ ದಾಟಿ ಮೊದಲನೇ ತಿರುವಿನಲ್ಲೇ ಹಿಂದಿನ ಗಾಲಿ ಜಾರಿತು. ಬಲಗೈ ಮಣಿಕಟ್ಟಿನ ಎಲುಬು ಮುರೀತು. ಆರು ವಾರ ಪ್ಲಾಸ್ಟರು. ಹಿಂಗಾರಿ ಜೋಳ ಬಿತ್ತೋ ಹೊತ್ತು ಅದು. ಆ ವರ್ಷ ಕಾಕಾನ ಹೊಲದಲ್ಲಿ ಕೂರಿಗೆ ಹಿಡಿದದ್ದು ಕೂಲಿಯವರು. ಬಾಟಲಿ ತಿರುಗಿಸಿ ನೋಡಿದ್ರೆ ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗೇ ಬರೆದಿತ್ತು, ರಸ್ತೆಗೆ ತಾಗುವ ಭಾಗಕ್ಕೆ ಹಚ್ಚಬೇಡಿ, ಬೈಕಿಗೆ ಬಳಸಬೇಡಿ ಅಂತ. ಅದರಲ್ಲಿರೋದು ಸಿಲಿಕೋನ್ ಎಣ್ಣೆ. ಎಣ್ಣೆ ಸವರಿದ ಟೈರು ಜಾರದೆ ಇನ್ನೇನು ಮಾಡೀತು? ಕಾಕಾ ಬೈಲಿಲ್ಲ. "ಗಾಡಿ ಮಾತ್ರ ಮಸ್ತ್ ಮಿಂಚಿತ್ತು ಬಿಡ ತಮ್ಮಾ" ಅಂದ. ಬೈದಿದ್ರೆ ಚೊಲೋ ಇತ್ತು.

ಅಂದಿನಿಂದ ಬಾಟಲಿಯ ಹಿಂದಿನ ಅಕ್ಷರ ಓದೋದು ಕಲಿತೆ. ಓದ್ತಾ ಓದ್ತಾ ಇನ್ನೊಂದು ತಿಳೀತು. ಈ ಸಾಮಾನುಗಳನ್ನು ಮಿಂಚು ನೋಡಿ ಆರಿಸಬಾರದು. ನಮ್ಮ ನೀರು, ನಮ್ಮ ಧೂಳು, ನಮ್ಮ ಬಿಸಿಲು ನೋಡಿ ಆರಿಸಬೇಕು.

ಮೊದಲು ನೀರು. ಇಂಡಿ, ಸಿಂದಗಿ ಭೀಮಾ ಕಡೆಯವು, ಮುದ್ದೇಬಿಹಾಳ ಕೃಷ್ಣೆಯ ಕಡೆಯದು. ಬಾಗೇವಾಡಿ ಸೀಮೆಯಲ್ಲಿ ಹರಿಯೋ ಡೋಣಿಯಂತೂ ಉಪ್ಪು ನೀರಿಗೇ ಹೆಸರಾದ ಹೊಳೆ. ಆದರೆ ಮನೆಯಲ್ಲಿ ಗಾಡಿ ತೊಳೆಯೋದು ಹೆಚ್ಚಾಗಿ ಬೋರಿನ ಸವಳು ನೀರಲ್ಲಿ. ಕುಡಿಯೋ ನೀರಿಗೆ ನಮ್ಮ ದೇಶದ ಮಾನದಂಡ (ಐಎಸ್ 10500) ಹೇಳೋ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತೆ. 600ರ ನೀರು ಅಂತಲೇ ಲೆಕ್ಕ ಹಿಡಿಯಿರಿ. ಒರೆಸದೆ ಬಿಟ್ಟ ಒಂದು ಲೀಟರ್ ನೀರು ಬಿಸಿಲಿಗೆ ಆರಿದ್ರೆ ಅರ್ಧ ಗ್ರಾಮಿಗಿಂತ ಹೆಚ್ಚು ಸುಣ್ಣದಂಥ ಪುಡಿ ಗಾಡಿಯ ಮೈಮೇಲೇ ಉಳಿಯುತ್ತೆ. ಕಪ್ಪು ಕಾರಿನ ಮೇಲೆ ಕಾಣೋ ಬಿಳೀ ಚುಕ್ಕೆಗಳು ಅವೇ. ಎಷ್ಟೇ ದುಬಾರಿ ಶಾಂಪೂ ಹಾಕಿದ್ರೂ ಇದು ತಪ್ಪಲ್ಲ. ತಪ್ಪಿಸೋದು ಒಂದೇ, ಬೆಳಿಗ್ಗೆ ಬಿಸಿಲೇರೋ ಮೊದಲೇ ತೊಳೆದು ಕೂಡಲೇ ಒಣ ಬಟ್ಟೆಯಿಂದ ಒರೆಸೋದು.

ಗಾಜಿನ ಮೇಲೆ ಈಗಾಗ್ಲೇ ಚುಕ್ಕೆ ಕೂತಿದ್ರೆ ಇಂಡಿಯವರು ಅಂಗಡಿಗೆ ಓಡಬೇಕಿಲ್ಲ, ಲಿಂಬೆ ಮನೆಯಲ್ಲೇ ಇದೆ! ಸುಣ್ಣವನ್ನು ಹುಳಿ ಕರಗಿಸುತ್ತೆ, ಪಿಯುಸಿ ಕೆಮಿಸ್ಟ್ರಿ ಅಷ್ಟೆ. ಅರ್ಧ ಲಿಂಬೆಹಣ್ಣಿನ ರಸಕ್ಕೆ ಒಂದು ಲೋಟ ನೀರು ಬೆರೆಸಿ, ಬಟ್ಟೆ ಅದ್ದಿ ಗಾಜಿಗೆ ಸವರಿ, ಒಂದೆರಡು ನಿಮಿಷಕ್ಕೆ ತೊಳೆದುಬಿಡಿ. ಗಾಜಿಗೆ ಮಾತ್ರ. ಬಣ್ಣದ ಮೇಲೆ, ಅಲ್ಯೂಮಿನಿಯಂ ಗಾಲಿಯ ಮೇಲೆ ಬೇಡ.

ಎರಡನೆಯದು ಧೂಳು. ಬೇಸಿಗೆಯಲ್ಲಿ ಒಂದು ಸಲ ಇಂಡಿಯಿಂದ ಸಿಂದಗಿಗೆ ಹೋಗಿಬಂದ್ರೆ ಗಾಡಿಯ ಬಣ್ಣ ಯಾವುದಿತ್ತು ಅನ್ನೋದೇ ಮರೆತುಹೋಗುತ್ತೆ. ಆ ಧೂಳಿನಲ್ಲಿ ಎರಿ ಮಣ್ಣಿನ ಜೊತೆ ಉಸುಕಿನ ಕಣವೂ ಇರುತ್ತೆ. ಉಸುಕು ಅಂದ್ರೆ ಕ್ವಾರ್ಟ್ಜ್, ಗಾಜಿಗಿಂತ ಗಟ್ಟಿ. ಕಾರಿನ ಬಣ್ಣದ ಮೇಲಿನ ಪಾರದರ್ಶಕ ಪದರ ಎಷ್ಟು ದಪ್ಪ ಗೊತ್ತಾ? ಸಾಮಾನ್ಯವಾಗಿ 40-50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಹಳೇ ಬನಿಯನ್ ತಗೊಂಡು ಒಣ ಧೂಳನ್ನು ತಿಕ್ಕೋದು ಅಂದ್ರೆ ಆ ಪದರವನ್ನು ಉಸುಕಿನ ಕಾಗದದಿಂದ ಉಜ್ಜಿದ ಹಾಗೇ. ಬಿಸಿಲಲ್ಲಿ ಜೇಡರ ಬಲೆಯಂತೆ ಕಾಣೋ ಗೀರುಗಳೆಲ್ಲಾ ಹಾಗೆ ಬಂದವೇ.

ಆದ್ದರಿಂದ ನನ್ನನ್ನು ಕೇಳಿದ್ರೆ ಮೊದಲು ಕೊಳ್ಳಬೇಕಾದದ್ದು ಶಾಂಪೂ ಅಲ್ಲ, ವ್ಯಾಕ್ಸೂ ಅಲ್ಲ. ನಾಲ್ಕು ಒಳ್ಳೆ ಮೈಕ್ರೋಫೈಬರ್ ಬಟ್ಟೆ ಮತ್ತು ಎರಡು ಬಕೇಟು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸೋ ಬರೀ ನೀರು. ಮೊದಲು ಮೇಲಿನಿಂದ ನೀರು ಸುರಿದು ಧೂಳು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಮೇಲಿನಿಂದ ಕೆಳಗೆ, ಗಾಲಿ ಕೊನೆಗೆ. ಗಾಲಿ ಒರೆಸಿದ ಬಟ್ಟೆಯನ್ನು ಮತ್ತೆ ಬಾನೆಟ್ಟಿಗೆ ಒಯ್ಯಬೇಡಿ. ಈಗ "ನೀರೇ ಬೇಡ, ಸ್ಪ್ರೇ ಹೊಡೆದು ಒರೆಸಿ" ಅನ್ನೋ ಬಾಟಲಿಗಳೂ ಬಂದಿವೆ. ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ನಿಂತ ಕಾರಿಗೆ ಸರಿ, ನಮ್ಮ ಕಡೆ ಧೂಳಿಗೆ ಅಲ್ಲ.

ಮೂರನೆಯದು ಸಬಕಾರ. ನಮ್ಮಲ್ಲಿ ಬಟ್ಟೆ ಒಗೆಯೋ ಪುಡಿಯೇ ಎಲ್ಲದಕ್ಕೂ. ಅದರಲ್ಲಿ ಸೋಡಾ ಇರೋದರಿಂದ ನೀರಿಗೆ ಹಾಕಿದ್ರೆ ಪಿಎಚ್ ಹತ್ತರ ಆಸುಪಾಸಿಗೆ ಹೋಗುತ್ತೆ. ಅರಬಿಯ ಜಿಡ್ಡು ತೆಗೆಯೋಕೆ ಅದು ಬೇಕು, ಗಾಡಿಯ ಬಣ್ಣಕ್ಕೆ ಬೇಡ. ಹಚ್ಚಿದ ವ್ಯಾಕ್ಸನ್ನೂ ಅದು ಎಬ್ಬಿಸಿಬಿಡುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ ಅಷ್ಟು ಕ್ಷಾರ ಅಲ್ಲದಿದ್ರೂ ಅದರ ಕೆಲಸ ಜಿಡ್ಡು ಕೀಳೋದು, ವ್ಯಾಕ್ಸೂ ಅದಕ್ಕೊಂದು ಜಿಡ್ಡೇ! ಮೈಗೆ ಹಚ್ಚೋ ಸೋಪು ಸವಳು ನೀರಲ್ಲಿ ಬುರುಗೇ ಬರಲ್ಲ, ಬಿಳೀ ಕೆನೆ ಕಟ್ಟಿ ಅಂಟುತ್ತೆ. ಕಾರ್ ಶಾಂಪೂ ಕೊಳ್ಳುವಾಗ ನೋಡಬೇಕಾದದ್ದು ಒಂದೇ ಮಾತು, "ಪಿಎಚ್ ನ್ಯೂಟ್ರಲ್" ಅಂತ ಇದೆಯಾ ಅಂತ. ಇದ್ದರೆ ಯಾವ ಹೆಸರಾದರೂ ನಡೆಯುತ್ತೆ. ಬಾಟಲಿ ಹೇಳಿದಷ್ಟೇ ಹಾಕಿ. ಎರಡರಷ್ಟು ಹಾಕಿದ್ರೆ ಗಾಡಿ ಎರಡರಷ್ಟು ಸ್ವಚ್ಛ ಆಗಲ್ಲ, ಜಾಲಿಸೋಕೆ ಎರಡರಷ್ಟು ನೀರು ಬೇಕಾಗುತ್ತೆ ಅಷ್ಟೆ.

ಇನ್ನು ಅಪ್ಪನ ಡೀಸೆಲ್. ಒರೆಸಿದ ದಿನ ಮಿಂಚುತ್ತೆ, ಮರುದಿನ ಆ ಜಿಡ್ಡಿಗೆ ಹೊಲದ ಧೂಳೆಲ್ಲಾ ಬಂದು ಅಂಟುತ್ತೆ. ರಬ್ಬರ್ ಪೈಪುಗಳಿಗೂ ಒಳ್ಳೇದಲ್ಲ. ಇದನ್ನು ಅಪ್ಪನಿಗೆ ಹೇಳೋ ಮುಖ ನನಗಿಲ್ಲ, ಕಾಕಾನ ಕೈ ನೆನಪಾಗುತ್ತೆ :-(

ಕೊನೆಯದು ವ್ಯಾಕ್ಸ್. ಅಂಗಡಿಯಲ್ಲಿ "ಪಾಲಿಶ್ ಕೊಡ್ರಿ" ಅಂದ್ರೆ ಮೂರು ಬೇರೆ ಬೇರೆ ಸಾಮಾನು ಕೈಗೆ ಬರಬಹುದು. ರಬ್ಬಿಂಗ್ ಕಾಂಪೌಂಡ್ ಬಣ್ಣದ ಮೇಲಿನ ಪದರವನ್ನು ತುಸು ತುಸುವೇ ತಿಕ್ಕಿ ತೆಗೆಯೋದು. ಪಾಲಿಶ್ ಅದನ್ನೇ ನಯವಾಗಿ ಮಾಡೋದು. ವ್ಯಾಕ್ಸ್ ತೆಗೆಯೋದಲ್ಲ, ಮೇಲೊಂದು ಪದರ ಹಾಕೋದು. ಪ್ರತಿ ಹಬ್ಬಕ್ಕೂ ಕಾಂಪೌಂಡ್ ತಿಕ್ಕಿದ್ರೆ ಕೆಲವೇ ವರ್ಷಕ್ಕೆ ಕೂದಲಿಗಿಂತ ತೆಳುವಾದ ಆ ಪದರ ಮುಗಿದೇ ಹೋಗುತ್ತೆ.

ಡಬ್ಬಿಯ ಮೇಲೆ ಕಾಣೋ "ಕಾರ್ನೂಬಾ" ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯ ಮೇಣ. ಜೇನುಮೇಣ 62-64 ಡಿಗ್ರಿಗೇ ಕರಗಿದ್ರೆ ಇದು ಕರಗೋಕೆ 80 ಡಿಗ್ರಿ ದಾಟಬೇಕು. 40 ಡಿಗ್ರಿ ದಾಟೋ ನಮ್ಮ ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನ ತಗಡು ಕೈ ಇಡಲಾರದಷ್ಟು ಕಾಯುತ್ತೆ, ಆದ್ದರಿಂದ ಈ ಅಂಕಿ ಮುಖ್ಯ. ಆದರೂ ಒಂದೆರಡು ತಿಂಗಳಿಗಿಂತ ಹೆಚ್ಚು ಬಾಳಲ್ಲ. ಸಿಂಥೆಟಿಕ್ ಸೀಲಂಟ್ ಅನ್ನೋವು ಹಲವು ತಿಂಗಳು ಇರುತ್ತವೆ. ವರ್ಷಕ್ಕೆ ಎರಡು-ಮೂರು ಸಲ ಊರಿಗೆ ಹೋಗೋ ನನ್ನಂಥವರಿಗೆ ಎರಡನೆಯದೇ ಸರಿ. ಎರಡನ್ನೂ ನೆರಳಲ್ಲಿ, ತಣ್ಣಗಿನ ತಗಡಿಗೆ, ತೆಳ್ಳಗೆ ಹಚ್ಚಬೇಕು. ಮ್ಯಾಟ್ ಬಣ್ಣದ ಬೈಕಿಗೆ ವ್ಯಾಕ್ಸ್ ಬೇಡವೇ ಬೇಡ, ಕಲೆಕಲೆಯಾಗುತ್ತೆ. ಬೈಕಿನ ಸೀಟು, ಟೈರು, ಬ್ರೇಕ್ ಡಿಸ್ಕು, ಕಾಲಿಡೋ ಜಾಗ, ಹ್ಯಾಂಡಲ್ ಹಿಡಿ, ಇವಕ್ಕೆ ಮಿಂಚೋ ಸಾಮಾನು ಯಾವುದನ್ನೂ ಮುಟ್ಟಿಸಬೇಡಿ. ಇದೊಂದನ್ನು ನೆನಪಿಟ್ಟು ಉಳಿದದ್ದೆಲ್ಲಾ ಮರೆತರೂ ನನಗೆ ಸಂತೋಷ.

ಈಗ ಅಸಲಿ ಮಾತು. ಇಷ್ಟೆಲ್ಲಾ ಯಾಕೆ? ಮಿಂಚೋಕಾ?

ಹೋದ ಬೇಸಿಗೆ ಮುದ್ದೇಬಿಹಾಳದಲ್ಲಿ ಅಕ್ಕನ ಮನೆ ಮುಂದೆ ಪೈಪ್ ಹಿಡಿದು ಕಾರು ತೊಳೀತಿದ್ದೆ. ಅಕ್ಕನ ಅತ್ತೆ ಕಟ್ಟೆ ಮೇಲೆ ಕೂತು ನೋಡ್ತಿದ್ದವರು "ಎಷ್ಟ್ ಕೊಡ ಆತೋ ಯಪ್ಪಾ?" ಅಂದ್ರು. ಅಷ್ಟೇ. ಇಂಜಿನಿಯರ್ ತಲೆ ಸುಮ್ಮನಿರುತ್ತಾ? ಪೈಪಿನ ಕೆಳಗೆ ಬಕೇಟಿಟ್ಟು ನೋಡಿದೆ. 15 ಲೀಟರಿನ ಬಕೇಟು ಒಂದು ನಿಮಿಷ ಹತ್ತು ಸೆಕೆಂಡಿಗೆ ತುಂಬ್ತು. ಹತ್ತು ನಿಮಿಷ ಬಿಟ್ರೆ ಸುಮಾರು 130 ಲೀಟರ್. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಇಟ್ಟ ಗುರಿ 55 ಲೀಟರ್. ಅಂದ್ರೆ ಇಬ್ಬರ ಇಡೀ ದಿನದ ನೀರನ್ನು ನಾನು ಹತ್ತು ನಿಮಿಷದಲ್ಲಿ ಕಾರಿನ ಮೇಲಿಂದ ಚರಂಡಿಗೆ ಹರಿಸಿದ್ದೆ. 123 ಟಿಎಂಸಿ ಹಿಡಿಯೋ ಆಲಮಟ್ಟಿ ಜಲಾಶಯ ಪಕ್ಕದಲ್ಲೇ ಇದ್ರೂ ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲೋದು ತಪ್ಪದ ಊರುಗಳ ಸೀಮೆ ನಮ್ಮದು. ಬೆಂಗಳೂರಿಗೂ 2024ರ ಮಾರ್ಚಿನಲ್ಲಿ ಈ ಬಿಸಿ ತಟ್ಟಿತು. ಕುಡಿಯೋ ನೀರಲ್ಲಿ ವಾಹನ ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಕಡೆ ಆ ದಂಡವನ್ನು ಹೆಣ್ಣುಮಕ್ಕಳ ಸೊಂಟ ಎಷ್ಟೋ ವರ್ಷಗಳಿಂದ ಕಟ್ತಾ ಬಂದಿದೆ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು. ವ್ಯಾಕ್ಸ್ ಹಚ್ಚೋದು ಮಿಂಚಲಿ ಅಂತಲ್ಲ, ಮುಂದಿನ ಸಲ ಕಡಿಮೆ ನೀರಲ್ಲಿ ಮುಗೀಲಿ ಅಂತ. ವ್ಯಾಕ್ಸ್ ಇರೋ ಮೈಮೇಲೆ ಧೂಳು ಗಟ್ಟಿಯಾಗಿ ಹಿಡಿಯಲ್ಲ, ನೀರು ನಿಲ್ಲಲ್ಲ, ಸುಣ್ಣದ ಚುಕ್ಕೆಯೂ ಕಡಿಮೆ. ಪಿಎಚ್ ನ್ಯೂಟ್ರಲ್ ಶಾಂಪೂ ಆ ವ್ಯಾಕ್ಸನ್ನು ಬೇಗ ಹೋಗದ ಹಾಗೆ ಕಾಯುತ್ತೆ. ಒಳ್ಳೆ ಬಟ್ಟೆ ಇವೆರಡನ್ನೂ ಹಾಳುಮಾಡಲ್ಲ. ಹೀಗೆ ಒಂದಕ್ಕೊಂದು ಕೂಡಿದ್ರೆ ಕಾರಿಗೆ ಮೂರು ಬಕೇಟು, ಬೈಕಿಗೆ ಒಂದು ಬಕೇಟು ಸಾಕು. ನಾನೇ ಅಳೆದು ನೋಡಿದ್ದೀನಿ. ಯಾವ ಸಾಮಾನು ನೀರು ಉಳಿಸಲ್ವೋ, ಗಾಡಿಯನ್ನು ಕಾಯಲ್ವೋ, ಅದು ಬರೀ ತೋರಿಕೆಗೆ. ತೋರಿಕೆಯ ಬೆಲೆ ನನಗೆ ಗೊತ್ತಿದೆ.

ಚಿಕ್ಕವನಿದ್ದಾಗ ಕಾರಹುಣ್ಣಿಮೆಗೆ ಅಪ್ಪ ಎತ್ತು ಮೈ ತೊಳೆಯೋದನ್ನು ನೋಡ್ತಿದ್ದೆ. ಹುಲ್ಲಿನ ಸಿಂಬಿಯಿಂದ ಮೆಲ್ಲಗೆ ತಿಕ್ಕಿ, ಕೊಂಬಿಗೆ ಬಣ್ಣ ಹಚ್ಚೋವಾಗ ಕಣ್ಣಿಗೆ ತಾಗದಂತೆ ಕೈ ಅಡ್ಡ ಹಿಡೀತಿದ್ದ. ಎತ್ತಿಗೆ ಏನು ಆಗಿಬರುತ್ತೆ, ಏನು ಆಗಿಬರಲ್ಲ ಅಂತ ಅವನಿಗೆ ಗೊತ್ತಿತ್ತು, ಯಾವ ಬಾಟಲಿಯ ಹಿಂದೆಯೂ ಓದಬೇಕಿರಲಿಲ್ಲ. ನಮಗೆ ಗಾಡಿಯ ಬಗ್ಗೆ ಅಷ್ಟು ಗೊತ್ತಿಲ್ಲ, ಆದ್ದರಿಂದ ಓದಬೇಕು.

ಕಳೆದ ಖಂಡೆ ಪೂಜೆಗೂ ಕಾಕಾನ ಬೈಕನ್ನು ನಾನೇ ತೊಳೆದೆ. ಒಂದೇ ಬಕೇಟಿನಲ್ಲಿ. ಕಾಕಾ ಬಂದು ಸೀಟು ಮುಟ್ಟಿ ನೋಡಿದ, ಬಗ್ಗಿ ಟೈರನ್ನೂ ಬೆರಳಿನಿಂದ ಸವರಿ ನೋಡಿದ. "ಈ ಸಲ ಏನೂ ಹಚ್ಚಿಲ್ಲಲ್ಲಾ?" ಅಂದ. "ಇಲ್ಲ ಕಾಕಾ" ಅಂದೆ. "ಹಂಗಾರ ಹೊಂಡ್ತೀನಿ" ಅಂತ ಕಿಕ್ ಹೊಡೆದ. ತಿರುವು ದಾಟೋ ತನಕ ನಾನು ಅಗಸಿಯಲ್ಲೇ ನಿಂತಿದ್ದೆ.

ನಿಮ್ಮೂರಲ್ಲಿ ನೀರು ಹ್ಯಾಗಿದೆ, ಗಾಡಿಗೆ ಏನು ಹಚ್ತೀರಿ? ಒಂದೇ ಬಕೇಟಿನಲ್ಲಿ ಕಾರನ್ನೂ ತೊಳೆಯೋ ಉಪಾಯ ಯಾರಿಗಾದ್ರೂ ಗೊತ್ತಿದ್ರೆ ಖಂಡಿತ ತಿಳಿಸಿ. ನಾನಿನ್ನೂ ಮೂರರಲ್ಲೇ ಇದ್ದೀನಿ :-)