ಕೆಮ್ಮು ನಿಂತ ಮೇಲೂ ಮಾತ್ರೆ ಏಕೆ?

“ಎರಡು ತಿಂಗಳಿನಿಂದ ಮಾತ್ರೆ ನುಂಗಿದ್ದೇನೆ. ಕೆಮ್ಮು ನಿಂತಿದೆ, ಹಸಿವೂ ಆಗುತ್ತಿದೆ. ಇನ್ನೂ ನಾಲ್ಕು ತಿಂಗಳು ಏಕೆ?” ಕ್ಷಯರೋಗಿಗಳಿರುವ ಮನೆಗಳಲ್ಲಿ ಏಳುವ ಪ್ರಶ್ನೆಯಿದು. ಇದಕ್ಕೆ ಉತ್ತರವು ರೋಗಾಣುವಿನ ಸ್ವಭಾವದಲ್ಲಿಯೇ ಇದೆ.

1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಈ ರೋಗಾಣುವಿನ ಶೋಧವನ್ನು ಪ್ರಕಟಿಸಿದರು. 1998ರಲ್ಲಿ ವಿಜ್ಞಾನಿಗಳು ಅದರ ಸುಮಾರು 4,000 ಜೀನ್‌ಗಳನ್ನು, ಅಂದರೆ ವಂಶವಾಹಿಗಳನ್ನು, ಪೂರ್ತಿಯಾಗಿ ಓದಿದರು. ಇದನ್ನು 4,000 ಅಡುಗೆಗಳ ಪುಸ್ತಕವೆಂದು ತಿಳಿಯೋಣ. ಪುಸ್ತಕದಲ್ಲಿರುವುದನ್ನೆಲ್ಲ ಯಾರೂ ಒಂದೇ ದಿನ ಮಾಡುವುದಿಲ್ಲ. ಹಬ್ಬಕ್ಕೆ ಬಿರಿಯಾನಿ, ಕೈ ಬರಿದಾದಾಗ ಗಂಜಿ. ರೋಗಾಣುವೂ ಆ ಹೊತ್ತಿಗೆ ಬೇಕಾದ ಜೀನನ್ನು ಮಾತ್ರ ಆರ್.ಎನ್.ಎ. ಎಂಬ ಚೀಟಿಗೆ ನಕಲು ಮಾಡಿ, ಅದರಂತೆ ಪ್ರೋಟೀನ್ ತಯಾರಿಸುತ್ತದೆ. ಈ ಚೀಟಿಗಳನ್ನು ಎಣಿಸಿದರೆ ಅದು ಏನು ಮಾಡುತ್ತಿದೆಯೆಂದು ತಿಳಿಯುತ್ತದೆ.

ನಮ್ಮ ದೇಹದ ರಕ್ಷಣಾ ಕಣಗಳು ಸುತ್ತುವರಿದಾಗ ರೋಗಾಣುವಿಗೆ ಆಮ್ಲಜನಕ ಸಾಲದಾಗುತ್ತದೆ. ಪ್ರಯೋಗಾಲಯದಲ್ಲಿ ಆಮ್ಲಜನಕ ಕಡಿಮೆ ಮಾಡಿ ನೋಡಿದಾಗ ಸುಮಾರು 50 ಜೀನ್‌ಗಳು ಒಟ್ಟಾಗಿ ಎಚ್ಚೆತ್ತವು. ಅವುಗಳಿಗೆ ಅಪ್ಪಣೆ ಕೊಡುವ ಪ್ರೋಟೀನಿನ ಹೆಸರು ‘ಡೆವ್-ಆರ್’. ಅದರ ಅಧ್ಯಯನದಲ್ಲಿ ದಿಲ್ಲಿಯ ಏಮ್ಸ್‌ನ ವಿಜ್ಞಾನಿ ಜಯಾ ತ್ಯಾಗಿಯವರ ಪಾತ್ರ ದೊಡ್ಡದು. ಈ ಅಪ್ಪಣೆ ಸಿಕ್ಕಿದೊಡನೆ ರೋಗಾಣು ಬೆಳೆಯುವುದನ್ನು ಬಿಟ್ಟು ನಿದ್ದೆಗೆ ಜಾರುತ್ತದೆ.

ಐಸೋನಿಯಾಜಿಡ್ ಮಾತ್ರೆ ಬೆಳೆಯುತ್ತಿರುವ ರೋಗಾಣುಗಳನ್ನು ಬೇಗನೆ ಕೊಲ್ಲುತ್ತದೆ. ಮಲಗಿದವು ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ರಿಫಾಂಪಿಸಿನ್ ಚೀಟಿ ಬರೆಯುವ ಕೈಯನ್ನೇ ಕಟ್ಟಿಹಾಕುತ್ತದೆ. (ಮೂತ್ರವನ್ನು ಕೆಂಪಾಗಿಸುವ ಮಾತ್ರೆ ಇದೇ, ಹೆದರಬೇಕಾಗಿಲ್ಲ.) ಆದರೂ ಮಲಗಿದವುಗಳನ್ನು ಮುಗಿಸಲು ತಿಂಗಳುಗಳೇ ಬೇಕು. ಕೆಮ್ಮು ನಿಂತಿತೆಂದು ಮಾತ್ರೆ ಬಿಟ್ಟರೆ ಉಳಿದವು ಮತ್ತೆ ಎದ್ದು ಬೆಳೆಯುತ್ತವೆ. ಮಾತ್ರೆಗೇ ಜಗ್ಗದ ರೋಗಾಣುಗಳು ಬಲಿಯುವ ಅಪಾಯವೂ ಇದೆ.

ರಮಝಾನ್ ತಿಂಗಳಲ್ಲಿ ಮಾತ್ರೆ ನಿಲ್ಲಿಸುವವರು ಇದನ್ನು ಅರಿಯಬೇಕು. ರೋಗಿಯು ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಲು ಕುರ್‌ಆನ್ ಅನುಮತಿ ನೀಡಿದೆ. ಔಷಧಿಯನ್ನು ಮುಂದೂಡಲು ರೋಗಾಣು ಅನುಮತಿ ನೀಡುವುದಿಲ್ಲ. ಉಪವಾಸದ ಕುರಿತು ವೈದ್ಯರನ್ನು ಮೊದಲೇ ಕೇಳಿಕೊಳ್ಳಿರಿ.

ಸಹೋದರಿಯರೇ, ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ಬಚ್ಚಿಡುವ ತಾಯಂದಿರಿದ್ದಾರೆ. ಯಾರ ಕಣ್ಣಿಗೂ ಬೀಳದಂತೆ ಮಾತ್ರೆ ನುಂಗಬೇಕಾದ ಸೊಸೆಯಂದಿರಿದ್ದಾರೆ. ಬಚ್ಚಿಟ್ಟ ರೋಗ ಗುಣವಾಗುವುದಿಲ್ಲ, ಮನೆಯ ಮಕ್ಕಳಿಗೂ ಹರಡುತ್ತದೆ. ಪೂರ್ಣ ಚಿಕಿತ್ಸೆಯಿಂದ ಕ್ಷಯ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರು ಕಲಿಸಿರುವರು. ಶರೀರವು ಅಲ್ಲಾಹನ ಅಮಾನತ್ತು. ಕೊನೆಯ ಮಾತ್ರೆಯವರೆಗೂ ಅದನ್ನು ಕಾಪಾಡೋಣ.